ಉಪ್ಪುಗಿಡ, ಮಾವನ ಹೊಲ ಮತ್ತು ನಾನು ಬರೆದ ಒಂದು ಸುದ್ದಿ

ಎರಡು ವರ್ಷದ ಹಿಂದೆ ನಾನೊಂದು ಸುದ್ದಿ ಕಳಿಸಿದ್ದೆ. ಇನ್ನೂರು ಪದವೂ ಇರಲಿಲ್ಲ. ‘ಸವಳು ಭೂಮಿಗೆ ಸಂಜೀವಿನಿ: ಉಪ್ಪು ತಿನ್ನುವ ಗಿಡ’ ಅಂತ ತಲೆಬರಹ ಕೊಟ್ಟವನೂ ನಾನೇ. ಆಸ್ಟ್ರೇಲಿಯಾದ ಯಾವುದೋ ವಿಡಿಯೋ ನೋಡಿ, ನಾಲ್ಕು ಸಾಲು ಓದಿ ಬರೆದದ್ದು. ಆ ದಿನ ಪುಟದಲ್ಲಿ ಜಾಗ ಖಾಲಿ ಇತ್ತು, ಫೋಟೋ ಸಮೇತ ಬಂತು. ವಾಟ್ಸಾಪ್ ಗುಂಪುಗಳಲ್ಲಿ ನಾಲ್ಕು ದಿನ ಓಡಾಡಿತು. ನಾನು ಮರೆತೂ ಬಿಟ್ಟೆ.

ಮರೆಯದವನು ನನ್ನ ಸೋದರಮಾವ. ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೆಳಗೆ ಅವನದು ಮೂರು ಎಕರೆ ಎರೆ ಹೊಲ. ಸುತ್ತಲಿನ ಹೊಲಗಳಿಗಿಂತ ತಗ್ಗು. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿದರೆ ಬಸಿದು ಇಲ್ಲಿಗೇ ಬರುತ್ತದೆ. ಬೇಸಿಗೆಯಲ್ಲಿ ಆ ಹೊಲ ನೋಡಿದರೆ ಯಾರೋ ಸುಣ್ಣ ಚೆಲ್ಲಿ ಹೋದಂಗೆ ಬೆಳ್ಳಗೆ ಕಾಣುತ್ತದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದಂತೆ ಮುರಿದು ಒಳಗೆ ಹಿಟ್ಟಿನಂಥ ಮಣ್ಣು ಸಿಗುತ್ತದೆ. ನಮ್ಮ ಕಡೆ ಇದನ್ನು ಸವಳು-ಜವಳು ಅಂತ ಒಂದೇ ಉಸಿರಿಗೆ ಹೇಳುತ್ತೇವೆ. ಸವಳು ಅಂದರೆ ಉಪ್ಪು, ಜವಳು ಅಂದರೆ ನೀರು ನಿಂತು ಕೊಳೆತದ್ದು. ಈ ಎರಡು ಬೇರೆ ಬೇರೆ ರೋಗ ಅನ್ನುವುದು ನನಗೆ ಗೊತ್ತಾದದ್ದು ತಡವಾಗಿ. ಮಾವನಿಗೆ ಅದು ದುಬಾರಿಯಾಯಿತು.

ನನ್ನ ಸುದ್ದಿ ಬಂದ ವರ್ಷವೇ ಆ ಭಾಗದ ಐದು ಮಂದಿ ಹೊಲದವರು ಕೂಡಿ, ಹೂಳು ತುಂಬಿ ಮುಚ್ಚಿಹೋಗಿದ್ದ ಬಸಿಗಾಲುವೆಯನ್ನು ಜೆಸಿಬಿ ಹಚ್ಚಿ ತೆಗೆಸಬೇಕು ಅಂತ ಮಾತಾಡಿಕೊಂಡಿದ್ದರು. ತಲಾ ಇಷ್ಟು ಅಂತ ಲೆಕ್ಕವೂ ಆಗಿತ್ತು. ನೀರು ಹೊರಗೆ ಹೋಗಬೇಕಾದ ದಾರಿ ಮಾವನ ಬದುವಿನ ಪಕ್ಕದಲ್ಲೇ ಇರುವುದು. ಮಾವ ಒಲ್ಲೆ ಅಂದ. ‘ನಮ್ಮ ಅಳಿಯ ಪೇಪರಿನ್ಯಾಗ ಬರ್ದಾನ, ಗಿಡ ಹಚ್ಚಿದ್ರ ಉಪ್ಪು ತಾನ ಕುಡಿತೈತಿ, ರೊಕ್ಕ ಯಾಕ ಹಾಳ ಮಾಡ್ಲಿ’ ಅಂದನಂತೆ. ಉಳಿದ ನಾಲ್ವರೂ ಸುಮ್ಮನಾದರು. ಈ ವಿಷಯ ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಒಂದು ಮದುವೆ ಊಟದ ಸಾಲಿನಲ್ಲಿ.

ಅವತ್ತಿನಿಂದ ನಾನು ಆ ಗಿಡದ ಬಗ್ಗೆ ಸರಿಯಾಗಿ ಓದಲು ಶುರು ಮಾಡಿದೆ. ಸುದ್ದಿ ಬರೆಯುವ ಮೊದಲೇ ಓದಬೇಕಿತ್ತು.

ಅದರ ಹೆಸರು ಸಾಲ್ಟ್‌ಬುಶ್. ಸಸ್ಯಶಾಸ್ತ್ರದಲ್ಲಿ ಅಟ್ರಿಪ್ಲೆಕ್ಸ್. ಇದು ಒಂದು ಗಿಡವಲ್ಲ, ಒಂದು ಕುಲ. ಜಗತ್ತಿನ ಒಣ ಸೀಮೆಗಳಲ್ಲಿ, ಕಡಲ ದಂಡೆಗಳಲ್ಲಿ ಎರಡು ನೂರಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ದೇಶದಲ್ಲೇ ಗುಜರಾತಿನ ಕಡಲಂಚಿನ ಉಪ್ಪು ನೆಲದಲ್ಲಿ ಒಂದು ಜಾತಿ ತಾನಾಗಿ ಬೆಳೆಯುತ್ತದೆ. ನಾನು ಸುದ್ದಿಯಲ್ಲಿ ಬರೆದದ್ದು ಆಸ್ಟ್ರೇಲಿಯಾದ ‘ಓಲ್ಡ್ ಮ್ಯಾನ್ ಸಾಲ್ಟ್‌ಬುಶ್’ ಬಗ್ಗೆ. ಅಂದರೆ ಮುದುಕ ಉಪ್ಪುಗಿಡ. ಆಳೆತ್ತರ ಮೀರಿ, ಕೆಲವೊಮ್ಮೆ ಮೂರು ಮೀಟರ್ ತನಕ ಬೆಳೆಯುವ ಪೊದೆ. ಎಲೆ ದುಂಡಗೆ, ಬೂದಿ ಬಳಿದಂಥ ಬಣ್ಣ. ಅದರ ಶಾಸ್ತ್ರೀಯ ಹೆಸರಿನ ಎರಡನೇ ಭಾಗ ‘ನುಮ್ಯುಲೇರಿಯಾ’. ಸಣ್ಣ ನಾಣ್ಯ ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಎಲೆ ನೋಡಿ ಇಟ್ಟ ಹೆಸರು.

ಇಷ್ಟು ದೂರದ ಗಿಡ ನಮಗೆ ಪೂರ್ತಿ ಪರಕೀಯವೇನೂ ಅಲ್ಲ. ಪಾಲಕ್, ಬೀಟ್‌ರೂಟ್, ರಾಜಗಿರಿ, ದಂಟಿನ ಸೊಪ್ಪು, ಚಕ್ಕೋತ ಸೊಪ್ಪು ಎಲ್ಲಾ ಇದರ ಮನೆತನದವೇ. ಸಂತೆಯಲ್ಲಿ ಚಕ್ಕೋತ ಸೊಪ್ಪು ಸಿಕ್ಕರೆ ಅದರ ಎಳೆ ಕುಡಿಯನ್ನು ಬೆರಳಿನಿಂದ ಉಜ್ಜಿ ನೋಡಿ. ಹಿಟ್ಟು ಉದುರಿಸಿದಂಥ ಬಿಳಿ ಪುಡಿ ಹತ್ತುತ್ತದೆ. ಬಹಳ ಜನ ಅದನ್ನು ಔಷಧಿ ಹೊಡೆದದ್ದು ಅಂದುಕೊಂಡು ನಾಲ್ಕು ಸಲ ತೊಳೆಯುತ್ತಾರೆ. ಅದು ಔಷಧಿಯಲ್ಲ, ಗಿಡದ್ದೇ ಸಣ್ಣ ಸಣ್ಣ ಗುಳ್ಳೆಗಳು. ಉಪ್ಪುಗಿಡದ ಗುಟ್ಟು ಇರುವುದೂ ಆ ಗುಳ್ಳೆಗಳಲ್ಲೇ.

ಮೊದಲು ಉಪ್ಪು ಬೇರಿಗೆ ಏನು ಮಾಡುತ್ತದೆ ಅಂತ ಹೇಳುತ್ತೇನೆ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಹೋಳು ನೀರು ಬಿಡುತ್ತದಲ್ಲ, ಹಾಗೆ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಗೆ ಎಳೆದುಕೊಂಡು ಹೋಗುತ್ತದೆ. ಸವಳು ಹೊಲದಲ್ಲಿ ಮಣ್ಣು ಹಸಿಯಾಗಿಯೇ ಇರುತ್ತದೆ, ಆದರೂ ಪೈರು ಬಾಯಾರಿ ಸಾಯುತ್ತದೆ. ನೀರು ಇದೆ, ಬೇರಿಗೆ ಎತ್ತಲು ಆಗುವುದಿಲ್ಲ.

ಉಪ್ಪುಗಿಡ ಇದಕ್ಕೆ ಉಪ್ಪಿನಿಂದಲೇ ಉತ್ತರ ಕೊಡುತ್ತದೆ. ಮಣ್ಣಿನಲ್ಲಿ ಎಷ್ಟು ಉಪ್ಪಿದೆಯೋ ಅದಕ್ಕಿಂತ ಹೆಚ್ಚನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಆಗ ನೀರು ಮಣ್ಣಿನಿಂದ ಗಿಡದ ಕಡೆಗೇ ಬರುತ್ತದೆ. ಆದರೆ ಅಷ್ಟು ಉಪ್ಪು ಯಾವ ಜೀವಕೋಶಕ್ಕೂ ವಿಷವೇ. ಅದಕ್ಕೆ ಗಿಡ ಉಪ್ಪನ್ನು ಕೋಶದ ನಡುವಿನ ಒಂದು ಚೀಲದಲ್ಲಿ ಪ್ರತ್ಯೇಕವಾಗಿ ಕಟ್ಟಿಡುತ್ತದೆ. ಕೆಲಸ ನಡೆಯುವ ಉಳಿದ ಭಾಗದಲ್ಲಿ ಉಪ್ಪಿನ ಬದಲು ಬೀಟೈನ್ ಅನ್ನುವ ಹಾನಿಯಿಲ್ಲದ ವಸ್ತು ತಯಾರಿಸಿ ಇಟ್ಟುಕೊಂಡು ತೂಕ ಸರಿದೂಗಿಸುತ್ತದೆ. ಬೀಟ್‌ರೂಟಿನಲ್ಲಿ ಮೊದಲು ಸಿಕ್ಕಿದ್ದಕ್ಕೇ ಆ ವಸ್ತುವಿಗೆ ಆ ಹೆಸರು.

ಇನ್ನೂ ಉಳಿದ ಉಪ್ಪು ಎಲೆಯ ಮೇಲಿನ ಗುಳ್ಳೆಗಳಿಗೆ ಹೋಗುತ್ತದೆ. ಒಂದು ಸಣ್ಣ ದೇಟಿನ ಮೇಲೆ ಒಂದು ಬಲೂನು ಕೂರಿಸಿದ ಹಾಗೆ ಅದರ ರಚನೆ. ಎಳೆ ಎಲೆಯ ತುಂಬ ಇಂಥ ಬಲೂನುಗಳು ಒತ್ತೊತ್ತಾಗಿ ಇರುತ್ತವೆ. ಗಿಡ ದೇಟಿನ ಮೂಲಕ ಉಪ್ಪನ್ನು ಬಲೂನಿಗೆ ತಳ್ಳುತ್ತದೆ. ಎಲೆ ಬಲಿತಂತೆ ಬಲೂನು ಒಡೆದು ಒಣಗಿ ಉಪ್ಪಿನ ಪದರವಾಗಿ ಎಲೆಗೇ ಅಂಟಿಕೊಳ್ಳುತ್ತದೆ. ದೂರದಿಂದ ಬೂದಿ ಬಳಿದಂತೆ ಕಾಣುವುದು ಅದೇ. ಆ ಬಿಳುಪು ಬಿಸಿಲನ್ನೂ ಸ್ವಲ್ಪ ವಾಪಸು ಎಸೆಯುತ್ತದೆ. ನಮ್ಮ ಕರಾವಳಿಯ ಕಾಂಡ್ಲಾ ಗಿಡಗಳಲ್ಲೂ ಕೆಲವು ಎಲೆಯ ಮೇಲೆ ಉಪ್ಪು ಹೊರಹಾಕುತ್ತವೆ. ಅವುಗಳಲ್ಲಿ ಉಪ್ಪು ನೀರು ಸೂಸಿದಂತೆ ಬರುತ್ತದೆ, ಬಲೂನಿನ ಲೆಕ್ಕ ಇಲ್ಲಿ ಮಾತ್ರ.

ನೀರಿನ ವಿಷಯದಲ್ಲೂ ಈ ಗಿಡ ಜಿಪುಣ. ಜೋಳ, ಮೆಕ್ಕೆಜೋಳ, ಕಬ್ಬು ಗಾಳಿಯಿಂದ ಇಂಗಾಲ ಹಿಡಿಯುವ ಒಂದು ವಿಶೇಷ ವಿಧಾನ ಇದೆ, ಕಡಿಮೆ ನೀರಿನಲ್ಲಿ ಹೆಚ್ಚು ಬೆಳವಣಿಗೆ ಕೊಡುವಂಥದ್ದು. ಓಲ್ಡ್ ಮ್ಯಾನ್ ಸಾಲ್ಟ್‌ಬುಶ್ ಕೂಡ ಅದೇ ವಿಧಾನದ್ದು. ಬೇರು ಆಳಕ್ಕೆ ಇಳಿಯುತ್ತದೆ. ವರ್ಷವಿಡೀ ಹಸಿರು, ಅಥವಾ ವರ್ಷವಿಡೀ ಬೂದಿ ಅನ್ನಿ.

ಇಲ್ಲಿಯವರೆಗೆ ನನ್ನ ಸುದ್ದಿ ತಪ್ಪಲ್ಲ. ತಪ್ಪಿದ್ದು ಮುಂದಿನ ಸಾಲು. ‘ಇದನ್ನು ನೆಟ್ಟರೆ ಭೂಮಿಯ ಉಪ್ಪು ಕ್ರಮೇಣ ಇಲ್ಲವಾಗುತ್ತದೆ’ ಅಂತ ಬರೆದಿದ್ದೆ.

ಒಂದು ಲೆಕ್ಕ ಹಾಕೋಣ. ನಾನು ಇದನ್ನು ಮಾವನ ಮನೆಯ ಕಟ್ಟೆಯ ಮೇಲೆ ಕೂತು ಅವನ ಮುಂದೆಯೇ ಹಾಕಿದೆ. ಒಂದು ಎಕರೆಯ ಒಂದು ಅಡಿ ಆಳದ ಮಣ್ಣು ಹೆಚ್ಚುಕಡಿಮೆ 1,600 ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ ಅರ್ಧ ಪಾಲು ಉಪ್ಪು ಅಂದುಕೊಂಡರೆ 8 ಟನ್ ಆಯಿತು. ಉಪ್ಪುಗಿಡದ ಒಣ ಎಲೆಯಲ್ಲಿ ಸುಮಾರು ಕಾಲು ಭಾಗ ಉಪ್ಪೇ ಇರುತ್ತದೆ, ಅದು ದೊಡ್ಡ ಪ್ರಮಾಣವೇ. ವರ್ಷಕ್ಕೆ ಎಕರೆಗೆ ಒಂದು ಟನ್ ಒಣ ಎಲೆ ಬಂತು, ಅಷ್ಟನ್ನೂ ಕತ್ತರಿಸಿ ಹೊಲದ ಹೊರಗೆ ಸಾಗಿಸಿದೆವು ಅಂದುಕೊಳ್ಳಿ. ಹೋದದ್ದು 250 ಕಿಲೋ ಉಪ್ಪು. 8 ಟನ್ ತೆಗೆಯಲು 32 ವರ್ಷ. ಕುರಿಯನ್ನು ಅದೇ ಹೊಲದಲ್ಲಿ ಬಿಟ್ಟು ಮೇಯಿಸಿದರೆ ಗಂಜಲ, ಹಿಕ್ಕೆಯಲ್ಲಿ ಉಪ್ಪು ಮತ್ತೆ ಅಲ್ಲಿಗೇ. ಎಲೆ ಉದುರಿದರೂ ಅಲ್ಲಿಗೇ.

ಇದರ ಮೇಲೆ ಕಾಲುವೆ ನೀರು. ಲೀಟರಿಗೆ 200 ಮಿಲಿಗ್ರಾಂ ಲವಣ ಇರುವ ನೀರು ಕುಡಿಯಲೂ ಚೆನ್ನಾಗಿರುವ ನೀರು. ಅಂಥ ನೀರನ್ನೇ ಒಂದು ಭತ್ತದ ಬೆಳೆಗೆ ಎಲ್ಲಾ ಸೇರಿ ನಾಲ್ಕು ಅಡಿ ಕೊಟ್ಟರೆ ಒಂದು ಎಕರೆಗೆ ಬಂದು ಬೀಳುವ ಲವಣ ಒಂದು ಟನ್ನಿನ ಹತ್ತಿರ. ಬಸಿಗಾಲುವೆ ತೆರೆದಿದ್ದರೆ ಅದರಲ್ಲಿ ಬಹುಪಾಲು ತೊಳೆದು ಹೋಗುತ್ತದೆ. ಮುಚ್ಚಿದ್ದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಗಿಡ ವರ್ಷಕ್ಕೆ ತೆಗೆಯುವುದು ಕಾಲು ಟನ್, ಒಂದು ಬೆಳೆಗೆ ನಾವು ಸುರಿಯುವುದು ಅದರ ನಾಲ್ಕು ಪಟ್ಟು.

ಮಾವ ಬೆರಳು ಎಣಿಸಿ, ‘ಮೂವತ್ತೆರಡು ವರ್ಸಕ್ಕ ನಾನೆಲ್ಲಿರ್ತೀನೋ’ ಅಂದ. ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಅವನು ಗಿಡ ಹಚ್ಚಿದ ಕಥೆಯೂ ಕೇಳುವಂಥದ್ದೇ. ಯಾರನ್ನೋ ಹಿಡಿದು ಹೊರರಾಜ್ಯದಿಂದ ಪಾರ್ಸೆಲ್‌ನಲ್ಲಿ ಬೀಜ ತರಿಸಿದ. ಉಪ್ಪಿನ ಗಿಡ ಅಲ್ಲವೇ ಅಂತ ನೇರವಾಗಿ ಬೆಳ್ಳಗಿನ ಮಣ್ಣಿನಲ್ಲೇ ಚೆಲ್ಲಿದ. ಒಂದೂ ಮೊಳಕೆ ಬರಲಿಲ್ಲ. ಮಿಕ್ಕ ಬೀಜವನ್ನು ಅತ್ತೆ ಕಾಳು ನೆನೆಸಿದ ಹಾಗೆ ರಾತ್ರಿ ನೆನೆಹಾಕಿ, ಎರಡು ಸಲ ನೀರು ಬಸಿದು, ಹಿತ್ತಲಿನ ಒಳ್ಳೆಯ ಮಣ್ಣು ತುಂಬಿದ ಹಾಲಿನ ಪ್ಯಾಕೆಟ್‌ಗಳಲ್ಲಿ ಹಾಕಿದಳು. ಅರವತ್ತು ಸಸಿ ಎದ್ದವು.

ಅತ್ತೆ ಯಾಕೆ ಗೆದ್ದಳು ಅನ್ನುವುದು ನನಗೆ ಓದಿದಾಗ ಗೊತ್ತಾಯಿತು. ಈ ಗಿಡದ ಬೀಜದ ಎರಡೂ ಕಡೆ ಎಲೆಯಂಥ ಎರಡು ಮುಚ್ಚಳ ಇರುತ್ತವೆ, ಅಂಗೈ ಜೋಡಿಸಿ ಹಿಡಿದಂತೆ. ಆ ಮುಚ್ಚಳದಲ್ಲೂ ಉಪ್ಪು ತುಂಬಿರುತ್ತದೆ. ಆ ಉಪ್ಪು ಇರುವ ತನಕ ಬೀಜ ಮೊಳೆಯುವುದು ಕಷ್ಟ. ಒಂದು ಹನಿ ಮಳೆಗೆ ಮೋಸಹೋಗಿ ಮೊಳೆತರೆ ಮರುದಿನ ಬಿಸಿಲಿಗೆ ಸಾವು. ಅದಕ್ಕೆ ಉಪ್ಪನ್ನೆಲ್ಲ ತೊಳೆದು ಹೋಗುವಷ್ಟು ದೊಡ್ಡ ಮಳೆ ಬರುವ ತನಕ ಕಾಯುತ್ತದೆ. ಅಷ್ಟು ಮಳೆ ಬಂದರೆ ಸುತ್ತಲಿನ ಮಣ್ಣಿನ ಉಪ್ಪೂ ಆ ಹೊತ್ತಿಗೆ ಕೆಳಗೆ ಇಳಿದಿರುತ್ತದೆ. ಅತ್ತೆಯ ಬಕೆಟ್ಟು ಆ ದೊಡ್ಡ ಮಳೆಯ ಕೆಲಸ ಮಾಡಿತು. ಬಲಿತ ಗಿಡ ಎಷ್ಟೇ ಗಟ್ಟಿಯಾದರೂ ಮೊಳಕೆ ಮಾತ್ರ ಉಪ್ಪಿಗೆ ಬಹಳ ಎಳಸು. ಇದೇ ಕುಲದ ಇನ್ನು ಕೆಲವು ಜಾತಿಗಳಲ್ಲಿ ಒಂದೇ ಗಿಡ ಎರಡು ಥರದ ಬೀಜ ಬಿಡುತ್ತದೆ. ಕಂದು ಬೀಜ ಬೇಗ ಮೊಳೆಯುತ್ತದೆ, ಕಪ್ಪು ಬೀಜ ಮಣ್ಣಿನಲ್ಲಿ ಮಲಗಿ ಇನ್ನೊಂದು ಹಂಗಾಮಿಗೆ ಕಾಯುತ್ತದೆ. ಮೊದಲ ಮಳೆಗೇ ಚೀಲದ ಬೀಜ ಪೂರ್ತಿ ಬಿತ್ತದ ನಮ್ಮ ಹಿರಿಯರ ಹಾಗೆ.

ಅರವತ್ತು ಸಸಿಯಲ್ಲಿ ನಲವತ್ತನ್ನು ಮಾವ ತಗ್ಗು ಹೊಲದಲ್ಲಿ ನೆಟ್ಟ. ಇಪ್ಪತ್ತು ಉಳಿದವು, ಸುಮ್ಮನೆ ಬದುವಿನ ಮೇಲೆ ಹಚ್ಚಿದ. ಮೊಣಕಾಲೆತ್ತರ ಬಂದವು. ಆಮೇಲೆ ಮೇಲಿನ ಹೊಲಗಳಲ್ಲಿ ಭತ್ತ ನಾಟಿ ಆಯಿತು. ತಗ್ಗಿನಲ್ಲಿ ನೀರು ಜಿನುಗಿ ವಾರಗಟ್ಟಲೆ ನಿಂತಿತು. ನಲವತ್ತೂ ಹೋದವು. ಬದುವಿನ ಮೇಲಿನ ಇಪ್ಪತ್ತರಲ್ಲಿ ಹನ್ನೊಂದು ನಿಂತಿವೆ.

ಸವಳು ಬೇರೆ, ಜವಳು ಬೇರೆ ಅಂತ ಮೊದಲಲ್ಲಿ ಹೇಳಿದ್ದು ಇದಕ್ಕೇ. ಉಪ್ಪನ್ನು ಚೀಲಕ್ಕೆ ಕಟ್ಟುವುದು, ಗುಳ್ಳೆಗೆ ತಳ್ಳುವುದು, ಬೇಡದ ಉಪ್ಪನ್ನು ಬೇರಿನಲ್ಲೇ ತಡೆಯುವುದು ಎಲ್ಲಾ ಪಂಪು ಹೊಡೆಯುವ ಕೆಲಸ. ಪಂಪಿಗೆ ಕರೆಂಟು ಬೇಕು. ಬೇರಿಗೆ ಆ ಕರೆಂಟು ಬರುವುದು ಉಸಿರಾಟದಿಂದ. ಮಣ್ಣಿನ ಸಂದಿಯಲ್ಲಿ ನೀರು ತುಂಬಿ ಗಾಳಿ ಹೋದರೆ ಬೇರು ಉಸಿರುಗಟ್ಟುತ್ತದೆ, ಪಂಪು ನಿಲ್ಲುತ್ತದೆ, ಉಪ್ಪು ತಡೆಯಿಲ್ಲದೆ ಎಲೆಗೆ ನುಗ್ಗುತ್ತದೆ. ಉಪ್ಪು ತಡೆಯುವ ಗಿಡ ಉಪ್ಪಿನಿಂದಲೇ ಸಾಯುತ್ತದೆ. ಆಸ್ಟ್ರೇಲಿಯಾದಲ್ಲೇ ನದಿ ಬಯಲಿನ ‘ರಿವರ್ ಸಾಲ್ಟ್‌ಬುಶ್’ ಅನ್ನುವ ಜಾತಿ ನಿಂತ ನೀರನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತದೆ. ಮುದುಕನಿಗೆ ಕಾಲು ಒಣಗಿರಬೇಕು. ನನ್ನ ಸುದ್ದಿಯಲ್ಲಿ ಈ ಮಾತು ಇರಲಿಲ್ಲ.

ಹಾಗಾದರೆ ಆಸ್ಟ್ರೇಲಿಯಾದವರು ಯಾಕೆ ಇದನ್ನು ಎಕರೆಗಟ್ಟಲೆ ನೆಡುತ್ತಾರೆ? ಅಲ್ಲಿನ ಕಥೆ ನಮ್ಮದಕ್ಕೆ ತೀರಾ ಹತ್ತಿರ. ಆ ದೇಶದ ಪಶ್ಚಿಮ ಭಾಗದಲ್ಲಿ ಆಳ ಬೇರಿನ ಕಾಡು ಕಡಿದು ಗೋಧಿ ಹಾಕಿದರು. ಸಾವಿರಾರು ವರ್ಷ ಕಡಲ ಗಾಳಿ, ಮಳೆಯ ಜೊತೆ ಬಂದು ಬಿದ್ದ ಉಪ್ಪು ಅಲ್ಲಿ ನೆಲದಾಳದಲ್ಲಿ ಮಲಗಿತ್ತು. ಮರಗಳು ಕುಡಿಯುತ್ತಿದ್ದ ನೀರನ್ನು ಗೋಧಿ ಕುಡಿಯಲಿಲ್ಲ. ಅಂತರ್ಜಲ ಮೇಲೆ ಎದ್ದಿತು, ಉಪ್ಪನ್ನೂ ಹೊತ್ತು ತಂದಿತು. ಇದನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಒಬ್ಬ ರೈತನೂ ಅಲ್ಲ, ಕೃಷಿ ವಿಜ್ಞಾನಿಯೂ ಅಲ್ಲ, ಡಬ್ಲ್ಯು. ಇ. ವುಡ್ ಅನ್ನುವ ರೈಲ್ವೆ ಎಂಜಿನಿಯರ್. ಉಗಿಬಂಡಿಗೆ ಸಿಹಿನೀರು ಬೇಕಲ್ಲ, ಕಾಡು ಕಡಿದ ಮೇಲೆ ನೀರು ಉಪ್ಪಾಗುವುದು ಅವರ ಕಣ್ಣಿಗೆ ಬಿತ್ತು. 1924ರಲ್ಲಿ ಅವರು ಅದನ್ನು ಪ್ರಕಟಿಸಿದರು. ಕಡಿಯುವುದು ನಿಲ್ಲಲಿಲ್ಲ. ಇವತ್ತು ಅಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಸವಳು.

ನಮ್ಮಲ್ಲಿ ಕಾಡಿನ ಬದಲು ಕಾಲುವೆ. ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಈ ಎರೆ ಸೀಮೆಗೆ ಯೋಜನೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ನಾವು ಬೆಳೆದದ್ದು ಭತ್ತ. ಭತ್ತ ಬೆಳೆದವರನ್ನು ಬೈಯುವುದು ಸುಲಭ. ಆದರೆ ಪಕ್ಕದವನು ನೀರು ನಿಲ್ಲಿಸಿದರೆ ನನ್ನ ಹೊಲದಲ್ಲಿ ಜೋಳ ಬರುವುದಿಲ್ಲ, ನಾನೂ ಭತ್ತವೇ ಹಾಕಬೇಕು. ಮಾವ ಹಾಕಿದ್ದೂ ಹಾಗೇ.

ಆಸ್ಟ್ರೇಲಿಯಾದವರಿಗೆ ಉಪ್ಪುಗಿಡ ಉಪ್ಪು ತೆಗೆಯುವ ಯಂತ್ರವಲ್ಲ. ಗೋಧಿ ಬಾರದ ನೆಲದಲ್ಲಿ ಅದು ಮೇವು. ಬೇರು ಕೆಳಗಿನ ನೀರನ್ನು ಕುಡಿದು ಅಂತರ್ಜಲವನ್ನು ಅಷ್ಟಿಷ್ಟು ತಗ್ಗಿಸುತ್ತದೆ. ಆಗ ಮಳೆ ಬಂದಾಗ ಮೇಲಿನ ಉಪ್ಪು ಕೆಳಗಿಳಿಯಲು ಜಾಗ ಆಗುತ್ತದೆ, ಸಾಲುಗಳ ನಡುವೆ ಹುಲ್ಲು ಹುಟ್ಟುತ್ತದೆ. ನೆಲ ಬೆತ್ತಲೆ ಇರುವುದಿಲ್ಲ, ಗಾಳಿಗೆ ಮಣ್ಣು ಹಾರುವುದಿಲ್ಲ. ಉಪ್ಪಿನ ಜೊತೆ ಬದುಕುವ ದಾರಿ ಅದು. ನಾನು ಅದನ್ನು ಉಪ್ಪು ಓಡಿಸುವ ಮಂತ್ರ ಅಂತ ಬರೆದೆ.

ಮೇವಿನಲ್ಲೂ ಮಿತಿ ಇದೆ, ಕುರಿ ಇಟ್ಟವರು ಗಮನಿಸಿ. ಎಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ವಿಟಮಿನ್ ಇ ಕೂಡ ಇದೆ. ಆದರೆ ಹೊಟ್ಟೆ ತುಂಬಿಸಿ ಮೈ ಕಟ್ಟುವ ಕಸುವು ಕಡಿಮೆ. ಇದನ್ನೊಂದನ್ನೇ ತಿಂದರೆ ಕುರಿ ತೂಕ ಇಳಿಯುತ್ತದೆ. ಉಪ್ಪು ಹೆಚ್ಚಾದ್ದರಿಂದ ಬಹಳ ನೀರು ಕುಡಿಯುತ್ತದೆ, ಆ ನೀರೂ ಉಪ್ಪಾಗಿದ್ದರೆ ಮೇವನ್ನೇ ಬಿಡುತ್ತದೆ. ಒಣ ಹುಲ್ಲು, ಕೂಳೆಯ ಜೊತೆ ಸೇರಿಸಿ ಕೊಟ್ಟರೆ ಒಳ್ಳೆಯದು.

ಇನ್ನೊಂದು ಅನುಮಾನ ನನಗೆ ಹೋಗಿಲ್ಲ. ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿ ನೋಡಿದವರಿಗೆ ಬೇರೆ ದೇಶದ ಗಟ್ಟಿ ಗಿಡ ಅಂದರೆ ಹೆದರಿಕೆ ಆಗಲೇಬೇಕು. ಅದೂ ಅಮೆರಿಕ ಖಂಡದಿಂದ ಬಂದದ್ದು, ಬರಡು ನೆಲಕ್ಕೆ, ಉರುವಲಿಗೆ ಒಳ್ಳೆಯದು ಅಂತಲೇ ಹಚ್ಚಿದ್ದು. ಈಗ ಕೆರೆ ಅಂಗಳ ಬಿಡಿಸಿಕೊಳ್ಳಲು ಆಗುತ್ತಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇಂಥ ಗಿಡಗಳನ್ನು ಪರೀಕ್ಷೆ ಮಾಡಿದೆ. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ. ಪಾರ್ಸೆಲ್ ತರಿಸುವ ಮೊದಲು ಒಂದು ಹಿಡಿ ಮಣ್ಣು ತೆಗೆದುಕೊಂಡು ಅಲ್ಲಿಗೆ ಹೋಗಿ ಬನ್ನಿ. ನಿಮ್ಮದು ಬರೀ ಸವಳೋ, ಜಿಪ್ಸಂ ಬೇಡುವ ಕ್ಷಾರವೋ ಅನ್ನುವುದು ಬಣ್ಣ ನೋಡಿ ಗೊತ್ತಾಗುವುದಿಲ್ಲ. ನಾನು ಮಾವನನ್ನು ಕರೆದುಕೊಂಡು ಹೋಗಬೇಕಿತ್ತು. ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ.

ತಿದ್ದುಪಡಿ ಹಾಕಿ ಅಂತ ಡೆಸ್ಕಿಗೆ ಬರೆದು ಕಳಿಸಿದೆ. ಹಳೆಯ ಸುದ್ದಿ, ಈಗ ಯಾರು ನೆನಪಿಟ್ಟಿದ್ದಾರೆ ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಸುದ್ದಿಯ ಫೋಟೋ ನಿಮ್ಮ ಗುಂಪಿಗೆ ಈಗಲೂ ಬಂದರೆ, ಇದನ್ನೂ ಅದರ ಕೆಳಗೆ ಹಾಕಿ.

ಹೋದ ತಿಂಗಳು ಐದು ಮಂದಿ ಮತ್ತೆ ಕೂತರು. ನಾನೂ ಹೋಗಿದ್ದೆ, ಲೆಕ್ಕದ ಚೀಟಿ ಹಿಡಿದು. ಜೆಸಿಬಿ ಬಾಡಿಗೆ ಎರಡು ವರ್ಷದಲ್ಲಿ ಏರಿದೆ. ಮಾವನ ಪಾಲಿನಲ್ಲಿ ಏರಿದಷ್ಟನ್ನು ನಾನು ಕೊಡುತ್ತೇನೆ ಅಂದೆ. ಅವನು ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಭತ್ತದ ಕೊಯ್ಲು ಮುಗಿದು ನೆಲ ಆರಿದ ಮೇಲೆ ಕೆಲಸ ಹಿಡಿಯುವುದು ಅಂತ ಆಗಿದೆ.

ಎದ್ದು ಬರುವಾಗ ಬದುವಿನ ಮೇಲೆ ಹೋದೆವು. ಹನ್ನೊಂದು ಗಿಡ ಎದೆಯೆತ್ತರ ಬಂದಿವೆ. ಒಂದನ್ನು ಯಾರದೋ ಆಡು ಅರ್ಧ ತಿಂದಿತ್ತು, ಅದು ಮತ್ತೆ ಚಿಗುರಿದೆ. ಮಾವ ಒಂದು ಎಲೆ ಕಿತ್ತು ನಾಲಿಗೆಗೆ ಹಚ್ಚಿ, ನನ್ನ ಕೈಗೂ ಒಂದು ಕೊಟ್ಟ. ‘ಉಪ್ಪು ಐತಿ ನೋಡು. ಅಷ್ಟು ಮಾತ್ರ ಖರೆ ಬರ್ದಿದ್ದಿ’ ಅಂದ.

ಬದುವಿನ ಗಿಡ ತೆಗೆಯುವುದು ಬೇಡ ಅಂತ ಜೆಸಿಬಿಯವನಿಗೆ ಮೊದಲೇ ಹೇಳಿಟ್ಟಿದ್ದಾನಂತೆ.